ಅತ್ತೆ, ಗೇರ್ ಅಪ್

ಬೀದಿಯವರು ಅವಳಿಗೆ ಇಟ್ಟ ಹೆಸರು ನೆಲದ ಪೈಲಟ್. ಹಾಲು ತರಲು ಹೊರಟರೆ ಇಸ್ತ್ರಿ ಅಂಗಡಿಯವನು ಬಿಡುತ್ತಿರಲಿಲ್ಲ.

"ಏನ್ ಮೇಡಂ, ಇವತ್ತೂ ನಡ್ಕೊಂಡೇ ಹೊರಟ್ರಾ?"

ಅವಳೇನು ಸುಳ್ಳು ಪೈಲಟ್ ಅಲ್ಲ. ಲೈಸೆನ್ಸ್ ಇತ್ತು. ಆದರೆ ಪ್ರಯಾಣಿಕರ ದೊಡ್ಡ ವಿಮಾನ ಮುಟ್ಟಬೇಕಾದರೆ ಆ ಜಾತಿಯ ವಿಮಾನಕ್ಕೇ ಬೇರೆ ತರಬೇತಿ ಬೇಕು. ಅದಕ್ಕೆ ಟೈಪ್ ರೇಟಿಂಗ್ ಎನ್ನುತ್ತಾರೆ. ಕಂಪನಿಯೇ ಕೆಲಸ ಕೊಟ್ಟು ಕಲಿಸುತ್ತಿದ್ದ ಕಾಲ ಹೋಗಿ, ಕೆಲಸ ಬೇಕಾದವರೇ ದುಡ್ಡು ಕಟ್ಟಿ ಕಲಿತು ಬಾಗಿಲ ಮುಂದೆ ನಿಲ್ಲುವ ಕಾಲ ಬಂದಿತ್ತು. ಅವಳೂ ತವರಿನ ಒಡವೆಯಷ್ಟನ್ನೂ ಕರಗಿಸಿ ಕಲಿತು ಬಂದಳು. ಕಂಪನಿಗಳು "ತಿಳಿಸ್ತೀವಿ" ಅಂದವು.

ಅವರು ತಿಳಿಸುವವರೆಗೆ ಮನೆಯವರು ತಿಳಿಸುತ್ತಿದ್ದರು. ಹೇಗೂ ಮನೇಲೇ ಇರ್ತೀಯಲ್ಲ, ಗ್ಯಾಸಿನವನು ಬರ್ತಾನೆ ನೋಡ್ಕೋ. ಹೇಗೂ ಮನೇಲೇ ಇರ್ತೀಯಲ್ಲ, ಪರದೆ ಒಗೆದುಬಿಡು. ಹೇಗೂ ಮನೇಲೇ ಇರ್ತೀಯಲ್ಲ, ಮಾವನ ಕನ್ನಡಕ ಹುಡುಕು. ಕನ್ನಡಕ ಮಾವನ ತಲೆಯ ಮೇಲೇ ಇರುತ್ತಿತ್ತು.

ಕಡೆಗೊಂದು ಕಂಪನಿ ಪರೀಕ್ಷೆಗೆ ಕರೆಯಿತು. ಸಿಮ್ಯುಲೇಟರಿನಲ್ಲಿ, ಅಂದರೆ ನೆಲ ಬಿಡದ ಯಂತ್ರದ ವಿಮಾನದಲ್ಲಿ, ಹಾರಿಸಿ ತೋರಿಸಬೇಕು. ಅವಳ ರೇಟಿಂಗಿನ ಅವಧಿ ಅದೇ ತಿಂಗಳು ಮುಗಿಯುತ್ತಿತ್ತು. ಮತ್ತೆ ದುಡ್ಡು ಕಟ್ಟಿ ನವೀಕರಿಸಲು ಕರಗಿಸುವುದಕ್ಕೆ ಏನೂ ಉಳಿದಿರಲಿಲ್ಲ. ಇದು ಹೋದರೆ ಹೋಯಿತು.

ಗಂಡ ಸಮಾಧಾನ ಮಾಡಿದ. "ಆಗ್ಲಿಲ್ಲ ಅಂದ್ರೆ ಬಿಡು. ಮನೆ ನೋಡ್ಕೊಂಡು ಹಾಯಾಗಿರು."

ಪಾತ್ರೆ ಉಜ್ಜುತ್ತಿದ್ದ ಅತ್ತೆ 'ಹಾಯಾಗಿ' ಎಂಬ ಮಾತು ಕೇಳಿ ಕೈ ನಿಲ್ಲಿಸಿದರು. ಮಗನನ್ನು ಮೇಲಿಂದ ಕೆಳಗೆ ನೋಡಿ ಮತ್ತೆ ಉಜ್ಜತೊಡಗಿದರು, ಸ್ವಲ್ಪ ಜೋರಾಗಿಯೇ.

ಅಭ್ಯಾಸಕ್ಕೆ ಪೈಲಟ್‌ಗಳು ಕಾಕ್‌ಪಿಟ್ಟಿನ ದೊಡ್ಡ ಚಿತ್ರವನ್ನು ಗೋಡೆಗೆ ಅಂಟಿಸಿ, ಎದುರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಆ ಮನೆಯಲ್ಲಿ ಖಾಲಿ ಗೋಡೆ ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ. ವಿಮಾನಕ್ಕೆ ಇಬ್ಬರು ಬೇಕು: ಒಬ್ಬರು ಹಾರಿಸಬೇಕು, ಇನ್ನೊಬ್ಬರು ಮಾಡಬೇಕಾದ್ದರ ಪಟ್ಟಿ ಓದಿ ಹೇಳಬೇಕು, ಹಾರಿಸುವವರು ಹೇಳಿದ ಹಿಡಿಕೆ ಎಳೆಯಬೇಕು. ಮೊದಲು ಗಂಡನನ್ನು ಕೂರಿಸಿಕೊಂಡಳು. ಅವನು ಫೋನು ನೋಡುತ್ತ ಎಲ್ಲದಕ್ಕೂ ಹೂಂ ಅಂದ.

"ರೀ, ಎಂಜಿನ್ನಿಗೆ ಬೆಂಕಿ ಬಿದ್ದಿದೆ!"

"ಹೂಂ, ಆಮೇಲೆ ನೋಡೋಣ."

"ಏಳೋ ಆ ಕಡೆ," ಎಂದು ಅತ್ತೆ ಕೈ ಒರೆಸಿಕೊಂಡು ಬಂದು ಕೂತರು.

ಸೊಸೆ ಬರೆದುಕೊಟ್ಟದ್ದನ್ನು ಅವರು ಒಂದಕ್ಷರ ಬಿಡದೆ ಓದಿದರು. ಚಕ್ರ ಮಡಚುವ ಗೇರಿನ ಹಿಡಿಕೆಯ ಬದಲು ಸೌಟು. ಗೋಡೆಯಲ್ಲಿ ಎರಡು ಮೊಳೆ. "ಅತ್ತೆ, ಗೇರ್ ಅಪ್" ಎಂದರೆ ಕೆಳಗಿನ ಮೊಳೆಯ ಸೌಟು ಮೇಲಿನ ಮೊಳೆಗೆ.

ಅವರಿಗೆ ಬಹಳ ಹಿಡಿಸಿದ್ದು ಕಂಟ್ರೋಲಿನ ನಿಯಮ. "ನಿಮ್ಮ ಕಂಟ್ರೋಲ್ ಅಂತ ಒಬ್ಬರು ಹೇಳಬೇಕು. ನನ್ನ ಕಂಟ್ರೋಲ್ ಅಂತ ಇನ್ನೊಬ್ಬರು ಬಾಯಿಬಿಟ್ಟು ಹೇಳಬೇಕು ಅತ್ತೆ. ಇಲ್ಲದಿದ್ರೆ ಅವರು ಹಿಡ್ಕೊಂಡಿದ್ದಾರೆ ಅಂತ ಇವರು, ಇವರು ಹಿಡ್ಕೊಂಡಿದ್ದಾರೆ ಅಂತ ಅವರು. ವಿಮಾನ ಯಾರ ಕೈಲೂ ಇರಲ್ಲ."

"ಹೇಳಿದ ಮೇಲೆ ಮೊದಲನೆಯವರು ಕೈ ಹಾಕಬಾರದಾ?"

"ಹಾಕಬಾರದು."

"ಉಪ್ಪು ಜಾಸ್ತಿ ಆಗ್ತಿದ್ರೂ?"

"ಅತ್ತೆ!"

"ಸುಮ್ನೆ ಕೇಳ್ದೆ ಕಣೇ."

ಪರೀಕ್ಷೆಯ ದಿನ ಅವಳ ಪಕ್ಕಕ್ಕೆ ಕೂತವನು ಇನ್ನೊಬ್ಬ ಅಭ್ಯರ್ಥಿ. ಅವನೂ ಸ್ವಂತ ದುಡ್ಡಿನಲ್ಲಿ ಕಲಿತು ಕಾದವನೇ. ತಿದ್ದಿ ತೀಡಿದ ದೊಡ್ಡ ಮೀಸೆ. ಹಿಂದೆ ಪರೀಕ್ಷಕರು. ಹಾರಿಸುವವಳು ಅವಳು. ವಿಮಾನ ನೆಲ ಬಿಟ್ಟಿತು. ಏರುತ್ತಿದೆ ಎಂದು ಮೀಸೆಯವನು ಹೇಳಿದ. ಅವಳು ರೂಢಿಯಂತೆ ಅಂದಳು:

"ಅತ್ತೆ, ಗೇರ್ ಅಪ್."

ಮೀಸೆ ನಿಧಾನವಾಗಿ ಅವಳ ಕಡೆ ತಿರುಗಿತು. ಹಿಂದೆ ಪರೀಕ್ಷಕರು ಕೆಮ್ಮಿದರು. ಎಲ್ಲ ಮುಗಿಯಿತು ಅಂದುಕೊಂಡಳು. ಗ್ಯಾಸಿನವನು, ಪರದೆ, ಕನ್ನಡಕ ಸಾಲಾಗಿ ಕಣ್ಮುಂದೆ ಬಂದವು. ಅಷ್ಟರಲ್ಲಿ ಎಚ್ಚರಿಕೆಯ ಗಂಟೆ ಬಡಿಯಿತು. ಎಂಜಿನ್ನಿಗೆ ಬೆಂಕಿ. ಮೀಸೆಯವನು ಗಾಬರಿಯಾಗಿ ತನ್ನ ಕಡೆಯ, ವಿಮಾನ ಹಾರಿಸುವ ಹಿಡಿಕೆಯನ್ನು ಹಿಡಿದೆಳೆದ. ಈಗ ಒಂದು ವಿಮಾನಕ್ಕೆ ಇಬ್ಬರು ಯಜಮಾನರು.

"ನನ್ನ ಕಂಟ್ರೋಲ್," ಎಂದಳು. ಕುದಿಯುವ ಪಾತ್ರೆಗೆ ಯಾರಾದರೂ ಕೈ ಹಾಕಿದರೆ ಅತ್ತೆಗೆ ಬರುವ ದನಿ ಅದು. "ಕೈ ತೆಗೀರಿ. ನೀವು ಓದಿ."

ಅವನು ಕೈ ತೆಗೆದ. ಓದಿದ. ಬೆಂಕಿ ಆರಿತು, ವಿಮಾನ ಇಳಿಯಿತು.

ಹೊರಗೆ ಬಂದ ಮೇಲೆ ಪರೀಕ್ಷಕರು ಕೇಳಿದರು, "ಆ ಅತ್ತೆ ಯಾರಮ್ಮ?"

"ನನ್ನ ಕೋ-ಪೈಲಟ್ ಸರ್. ಮನೇಲಿ."

"ಅನುಭವ ಇದೆಯಾ?"

"ಮದುವೆಯಾದಾಗಿಂದ ಒಂದು ದಿನವೂ ರಜೆ ತಗೊಂಡಿಲ್ಲ ಸರ್."

ಅವರು ಗೋಡೆ ಕಡೆ ಮುಖ ತಿರುಗಿಸಿ ನಗು ಮುಗಿಸಿಕೊಂಡು ಬಂದರು. ಬಾಯಿ ತಪ್ಪಿದ್ದಕ್ಕೆ ಅಂಕ ಕಳೆದೆ ಎಂದೂ ಹೇಳಿದರು. ಆ ಅಂಕ ಕಳೆದ ಮೇಲೂ ಕೆಲಸ ಅವಳಿಗೇ ಬಂತು.

ಊರು ಬಿಟ್ಟು ಹೊರಡುವ ಬೆಳಿಗ್ಗೆ ಪೆಟ್ಟಿಗೆ ಬಾಗಿಲಲ್ಲಿತ್ತು. ಅತ್ತೆ ಮಗನ ರಟ್ಟೆ ಹಿಡಿದು ತಂದು ಒಲೆ ಮುಂದೆ ನಿಲ್ಲಿಸಿದರು. ಒಲೆಯ ಮೇಲೆ ಹಾಲು.

"ನಿನ್ನ ಕಂಟ್ರೋಲ್."

"ಹೂಂ."

"ಹೂಂ ಅಂದ್ರೆ ನಡೆಯಲ್ಲ. ಬಾಯಿಬಿಟ್ಟು ಹೇಳು."

ಅವನು ಹೆಂಡತಿಯ ಮುಖ ನೋಡಿದ. ಅವಳು ಗಡಿಯಾರ ನೋಡಿದಳು. "ನನ್ನ... ಕಂಟ್ರೋಲ್."

ಅತ್ತೆ ಹೋಗಿ ಪೈಲಟ್ ಕುರ್ಚಿಯಲ್ಲಿ ಕೂತರು. ಹಾಲು ಉಕ್ಕಿತು. "ಅಮ್ಮಾ, ಉಕ್ತಿದೆ!" ಎಂದು ಮಗ ಕೂಗಿದ.

"ಕಾಣಿಸ್ತಿದೆ," ಎಂದರು ಅತ್ತೆ. "ಕೈ ಹಾಕೋ ಹಾಗಿಲ್ಲ, ನಿಯಮ." ಆಮೇಲೆ ಸೌಟು ತೆಗೆದು ಮೇಲಿನ ಮೊಳೆಗೆ ಹಾಕಿ ಸೊಸೆಗೆ ಹೇಳಿದರು, "ಹೊರಡು ನೀನು."