ಮೈಕು ಕೊಟ್ಟವರು

ಹಾಸನದಲ್ಲಿ ನಮ್ಮ ಪಕ್ಕದ ಮನೆಯವರು ಜಲ್ಲಿ ಕ್ರಷರ್ ಮಾಲೀಕರ ಸಂಘದ ಅಧ್ಯಕ್ಷರಾಗಿದ್ದರು. ಚುನಾವಣೆ ಬಂದರೆ ಎಲ್ಲ ಪಕ್ಷದವರಿಗೂ ಸಂಘದ ಖರ್ಚಿನಲ್ಲೇ ಶಾಮಿಯಾನ, ಮೈಕು, ಊಟ ಕಳಿಸುತ್ತಿದ್ದರು. ಯಾಕೆಂದು ಕೇಳಿದರೆ ಎದೆಯ ಮೇಲೆ ಕೈಯಿಟ್ಟು, "ನಮ್ದೇನೈತೆ ಸಾ, ಒಸಿ ಸೇವೆ" ಎನ್ನುತ್ತಿದ್ದರು.

ಒಮ್ಮೆ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಕಟ್ಟಾಯದ ಕಡೆ ಒಂದು ಪ್ರಚಾರಸಭೆಗೆ ಹೋದರು. ಅಭ್ಯರ್ಥಿ ಹೊಸಬ. ಚಪ್ಪಾಳೆಗೆ ಉಬ್ಬಿ, "ಗೆದ್ದ ಮಾರನೇ ದಿನವೇ ಈ ಊರಿನ ಕ್ರಷರ್‌ಗಳಿಗೆ ಬೀಗ..." ಎನ್ನುತ್ತಿದ್ದಂತೆ ಮೈಕು ಸತ್ತಿತು. ಅಧ್ಯಕ್ಷರು ಜನರೇಟರ್ ಪಕ್ಕದಲ್ಲೇ ನಿಂತಿದ್ದರು. ಸಾವಕಾಶವಾಗಿ ವೇದಿಕೆ ಹತ್ತಿ, ಹಾರ ಹಾಕುವ ನೆಪದಲ್ಲಿ ಅಭ್ಯರ್ಥಿಯ ಕಿವಿಯಲ್ಲಿ ಏನೋ ಹೇಳಿದರು. ಕೆಳಗೆ ಜನರೇಟರ್ ಹುಡುಗನಿಗೆ ಕೈಸನ್ನೆ ಮಾಡಿದರು, ಮೈಕಿಗೆ ಜೀವ ಬಂತು. ಅಭ್ಯರ್ಥಿ ಬಸ್ ಸ್ಟ್ಯಾಂಡ್ ಕಟ್ಟಿಸುವ ಮಾತಿಗೆ ಹೊರಳಿದ.

ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಎದ್ದು ನಿಂತಳು. "ಬಸ್ ಸ್ಟ್ಯಾಂಡು ಅತ್ಲಾಗಿರ್ಲಿ ಕಣಪ್ಪಾ. ಕ್ರಷರ್ ವಿಚಾರ ಏನೋ ಏಳ್ತಿದ್ದೆ, ಅದ್ನ ಪೂರ್ತಿ ಏಳು. ಮೈಕು ಬ್ಯಾಡ, ನಂಗೆ ಕಿವಿ ಚೆನ್ನಾಗೇ ಕೇಳ್ತದೆ."

ಅಭ್ಯರ್ಥಿ ಅಧ್ಯಕ್ಷರ ಮುಖ ನೋಡಿ ಜೋರಾಗಿ ಕೆಮ್ಮಿದ.

"ಎಲ್ ಏಳಾದವ್ವಾ, ಗಂಟ್ಲೇ ಕಟ್ಕೊಂಡೈತೆ," ಎಂದ. "ಏನ್ ಧೂಳವ್ವಾ ನಿಮ್ಮೂರಲ್ಲಿ!"