ಅಡುಗೆಮನೆಯ ಹಿಂದಿನ ಗುಡ್ಡ

ಮಾಥೇರಾನ್ ಬೆಟ್ಟಕ್ಕೆ ನಾನು ಇಪ್ಪತ್ತಕ್ಕೂ ಹೆಚ್ಚು ಸಲ ಹೋಗಿದ್ದೇನೆ. ಆದರೆ ಅದನ್ನು ಕಣ್ಣಾರೆ ನೋಡಿದ್ದು ಒಂದೇ ಸಲ. ಠಾಣೆ ಪಟ್ಟಣದ ನನ್ನ ಆಫೀಸಿನಲ್ಲಿ ಹೀಗೆ ಹೇಳಿದರೆ ಎಲ್ಲರೂ ನಗುತ್ತಾರೆ. ನಗಲಿ. ಅವರು ದುಡ್ಡು ಕೊಟ್ಟು ಹೋಗುವವರು, ನಾವು ಅಡುಗೆಯವರ ಮನೆಯವರು.

ಅಪ್ಪ ಉಡುಪಿ ಕಡೆಯಿಂದ ಬಂದು ಮೊದಲು ಠಾಣೆಯದೇ ನೌಪಾಡಾದ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ನನಗೆ ಐದು ವರ್ಷವಾದಾಗ ಬೆಟ್ಟದ ಮೇಲಿನ ರೆಸಾರ್ಟೊಂದಕ್ಕೆ ಅಡುಗೆಗೆ ಹೋದರು. ಅಮ್ಮ ಮತ್ತು ನಾನು ಡೊಂಬಿವಲಿಯ ನಾಲ್ಕನೇ ಮಹಡಿಯಲ್ಲಿ ಉಳಿದೆವು. ಮನೆಯಿಂದ ಅಲ್ಲಿಗೆ ಎರಡು ಮೂರು ಗಂಟೆಯ ದಾರಿ. ಆದರೂ ಅಪ್ಪ ದುಬೈಗೆ ಹೋದವರ ಹಾಗೆ ಅಪರೂಪವಾದರು.

ಬೆಟ್ಟಕ್ಕೆ ಅದರದೇ ಪಂಚಾಂಗ. ದೀಪಾವಳಿಗೆ ಗುಜರಾತಿ ಕುಟುಂಬಗಳು, ಅವರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ. ಡಿಸೆಂಬರಿನಲ್ಲಿ ಕಾಲೇಜಿನವರು ಮತ್ತು ಹೊಸದಾಗಿ ಮದುವೆಯಾದವರು. ಏಪ್ರಿಲ್ ಮೇ ತಿಂಗಳಲ್ಲಿ ಮಕ್ಕಳ ದಂಡು. ಕುದುರೆ ಸವಾರಿ ಮಾಡಿ, ಮೈಯೆಲ್ಲ ಕೆಂಪು ಧೂಳು ಮಾಡಿಕೊಂಡು ಬಂದವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವು. ಮಳೆ ಹಿಡಿದ ಮೇಲೆ ಪುಟಾಣಿ ರೈಲು ನಿಲ್ಲುತ್ತದೆ, ರೂಮುಗಳು ಖಾಲಿ ಬೀಳುತ್ತವೆ. ಮಾಲೀಕರು ಆಗ ಕೆಲಸದವರ ಮನೆಯವರಿಗೆ ಎರಡು ದಿನ ಬಂದಿರಲು ಬಿಡುತ್ತಿದ್ದರು. ಹಾಗಾಗಿ ಪ್ರತಿ ಜುಲೈನಲ್ಲಿ ಅಮ್ಮನೂ ನಾನೂ ಕೊಡೆ ಹಿಡಿದು, ಕೆಸರು ತುಳಿದು, ಕೋತಿಗಳಿಂದ ಕೈಚೀಲ ಕಾಪಾಡಿಕೊಂಡು ಮೇಲೆ ಹತ್ತುತ್ತಿದ್ದೆವು. ಹತ್ತಿದ ಮೇಲೆ ಕಾಣಿಸುತ್ತಿದ್ದುದು ಬರೀ ಮಂಜು. ಪಕ್ಕದ ಮರದಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು, ಮರ ಕಾಣುತ್ತಿರಲಿಲ್ಲ.

ಅಪ್ಪ ನಮ್ಮನ್ನು ಅಡುಗೆಮನೆಯ ಹಿಂಬಾಗಿಲಿಗೆ ಕರೆದುಕೊಂಡು ಹೋಗಿ, ಪಾತ್ರೆ ತೊಳೆಯುವ ಕಟ್ಟೆಯ ಆಚೆಗಿನ ಆ ಬಿಳುಪಿನೊಳಗೆ ಬೆರಳು ಚಾಚುತ್ತಿದ್ದರು. "ಅಗಾ, ಅಲ್ಲಿ ಕಲ್ಯಾಣ. ಅದರ ಪಕ್ಕ ನಮ್ಮ ಡೊಂಬಿವಲಿ. ಈಗ ಮಂಜು, ಎಂತ ಮಾಡುದು? ಚಳಿಗಾಲದಲ್ಲಿ ಸಂಜೆ ಲೈಟೆಲ್ಲ ಚಂದ ಕಾಣ್ತದೆ. ನಾನು ದಿನಾ ಏಳು ಗಂಟೆಗೆ ಇಲ್ಲಿ ನಿಂತು ನಿಮ್ಮನ್ನು ನೋಡ್ತೇನೆ."

ಅಮ್ಮ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಅಂದಿನಿಂದ ನಮ್ಮ ಗ್ಯಾಲರಿಯ, ಎಂದರೆ ಬಾಲ್ಕನಿಯ, ಟ್ಯೂಬ್‌ಲೈಟು ದಿನಾ ಸರಿಯಾಗಿ ಏಳಕ್ಕೆ ಹೊತ್ತಿಕೊಳ್ಳಬೇಕು, ಅರ್ಧ ಗಂಟೆ ಆರಬಾರದು. ಕಟ್ಟಡದ ಸೊಸೈಟಿಯ ಮೀಟಿಂಗೇ ಇರಲಿ, ಪಕ್ಕದ ಮನೆಯಲ್ಲಿ ಸತ್ಯನಾರಾಯಣ ಪೂಜೆಯೇ ಇರಲಿ, ಏಳು ಗಂಟೆಗೆ ಅಮ್ಮ ಎದ್ದು ಬರುವಳು. ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ನಮ್ಮ ಕಾಕು, "ಕಾಯ್ ಗ, ಯಾರಿಗೆ ಸಿಗ್ನಲ್ ಕೊಡ್ತಿ?" ಎಂದು ತಮಾಷೆ ಮಾಡಿದರೆ ಅಮ್ಮನಿಗೆ ನಾಚಿಕೆಯಾಗುತ್ತಿತ್ತು.

ನನಗೆ ಮಾತ್ರ ಮೈ ಉರಿಯುತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಶಾಲೆಯ ವಾರ್ಷಿಕೋತ್ಸವದಲ್ಲಿ ನನಗೆ ದೊಡ್ಡ ಪಾತ್ರ ಸಿಕ್ಕಿತು. ಬರಲೇಬೇಕೆಂದು ಅಪ್ಪನಿಗೆ ಫೋನಿನಲ್ಲಿ ಅತ್ತು ಹೇಳಿದ್ದೆ. ಡಿಸೆಂಬರ್, ಸೀಸನ್, ಅವರು ಬರಲಿಲ್ಲ. ಮರುದಿನ ಏಳು ಗಂಟೆಗೆ ಅಮ್ಮ ಲೈಟು ಹಾಕಿ ಒಳಗೆ ಹೋದ ಕೂಡಲೇ ನಾನು ಅದನ್ನು ಆರಿಸಿದೆ. "ನೋಡ್ಲಿಕ್ಕೆ ಪುರುಸೊತ್ತು ಉಂಟು, ಬರ್ಲಿಕ್ಕೆ ಇಲ್ಲ ಅಲ್ವಾ? ಹಾಗಾದ್ರೆ ನೋಡುದೂ ಬೇಡ" ಎಂದು ಕೂಗಾಡಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತೆ. ಅಮ್ಮ ಹೊಡೆಯಲಿಲ್ಲ, ಬೈಯಲಿಲ್ಲ. ಮೂರು ದಿನ ಹಾಗೇ ಆಯಿತು. ಭಾನುವಾರ ಅಪ್ಪನ ಫೋನು ಬಂದಾಗ ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಅಮ್ಮ ರಿಸೀವರು ಕಿವಿಗಿಟ್ಟುಕೊಂಡು ಹೂಂ, ಹೂಂ ಎಂದಳು ಅಷ್ಟೆ. ಅಪ್ಪ ನನ್ನ ಮೇಲಿನ ಪ್ರೀತಿಯಿಂದ ಆ ವಿಷಯ ಎತ್ತಲಿಲ್ಲ ಎಂದುಕೊಂಡು, ಸೋಮವಾರ ನಾನೇ ಲೈಟು ಹಾಕಿದೆ.

ಎರಡು ವರ್ಷದ ಹಿಂದೆ, ಮೇ ತಿಂಗಳ ತುಂಬು ಸೀಸನ್ನಿನಲ್ಲಿ ಅಪ್ಪ ಮನೆಗೆ ಬಂದರು. ಸೀಸನ್ನಿನಲ್ಲಿ ಬಂದದ್ದು ಅದೇ ಮೊದಲು. ಎದೆ ಹಿಡಿದುಕೊಂಡು, ಇನ್ನೊಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು. ಮೂರನೇ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಚಳಿಗಾಲದಲ್ಲಿ ಅಮ್ಮನನ್ನು ಒಂದು ಸಲ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂಬ ಅವರ ಮಾತು ಮಾತಾಗಿಯೇ ಉಳಿಯಿತು. ಅಮ್ಮ ಮಾತ್ರ ಏಳು ಗಂಟೆಗೆ ಲೈಟು ಹಾಕುವುದನ್ನು ಬಿಡಲಿಲ್ಲ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಅಪ್ಪನ ಟ್ರಂಕು ಅಲ್ಲೇ ಇತ್ತು. ಮಳೆಗಾಲ ಕಳೆಯಲಿ ಎಂದು ಮುಂದೂಡಿ ಮುಂದೂಡಿ ಆ ಡಿಸೆಂಬರಿನಲ್ಲಿ ಹೊರಟೆ. ಅಮ್ಮನಿಗೆ ಮಂಡಿನೋವು, ಹತ್ತಲಾರಳು. ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಬಾಗಿಲಿಗೆ ಬಂದು, "ಸಂಜೆವರೆಗೆ ಇದ್ದು ನೋಡು. ಏಳಕ್ಕೆ ಲೈಟ್ ಹಾಕ್ತೇನೆ, ಕಾಣ್ತದಾ ಹೇಳು" ಎಂದಳು.

ಬೆಟ್ಟ ಆವತ್ತು ನಿಚ್ಚಳವಾಗಿತ್ತು. ಕೆಂಪು ದಾರಿ, ಕುದುರೆಗಳು, ಇಷ್ಟು ವರ್ಷ ಸದ್ದಷ್ಟೇ ಕೇಳಿದ್ದ ಮರಗಳು, ಎಲ್ಲವೂ ಕಣ್ಣಿಗೆ ಬಿದ್ದವು. ನಾನು ಯಾರನ್ನೂ ಮಾತಾಡಿಸದೆ ನೇರವಾಗಿ ಅಡುಗೆಮನೆಯ ಹಿಂಬಾಗಿಲಿಗೆ ಹೋದೆ. ಪಾತ್ರೆ ತೊಳೆಯುವ ಕಟ್ಟೆಯ ಆಚೆ ಸಣ್ಣದೊಂದು ಕಂದಕ. ಕಂದಕದ ಆಚೆ ಇನ್ನೊಂದು ಗುಡ್ಡ, ಗೋಡೆಯ ಹಾಗೆ ಆಕಾಶದವರೆಗೆ ಕರಿ ಬಂಡೆ. ಕಲ್ಯಾಣವೂ ಇಲ್ಲ, ಡೊಂಬಿವಲಿಯೂ ಇಲ್ಲ. ಬಾಗಿಲು ತಪ್ಪಿತೇನೋ ಎಂದು ಕಟ್ಟಡಕ್ಕೆ ಒಂದು ಸುತ್ತು ಬಂದೆ. ಬೇರೆ ಹಿಂಬಾಗಿಲು ಇರಲಿಲ್ಲ.

ಅಪ್ಪನ ಜಾಗಕ್ಕೆ ಬಂದಿದ್ದ ಕುಂದಾಪುರ ಕಡೆಯ ಅಡುಗೆಯವರನ್ನು ಕೇಳಿದೆ. "ಕಲ್ಯಾಣ ಕಾಣುದು ಉತ್ತರದ ವ್ಯೂ ಪಾಯಿಂಟಿನಿಂದ ಅಕ್ಕ. ಹೋಗಿ ಬರ್ಲಿಕ್ಕೆ ಎರಡು ಗಂಟೆ ಬೇಕು" ಎಂದರು.

"ಸಂಜೆ ಏಳಕ್ಕೆ ಹೋಗ್ಲಿಕ್ಕೆ ಆಗ್ತದಾ?"

ಅವರು ನಕ್ಕುಬಿಟ್ಟರು. "ಏಳಕ್ಕಾ? ರಾತ್ರಿ ಊಟದ ತಯಾರಿ ಇರ್ತದಲ್ಲ. ನೀರು ಕುಡೀಲಿಕ್ಕೂ ಪುರುಸೊತ್ತಿಲ್ಲ."

ನನಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಬದುಕಿದ್ದರೆ ಜಗಳ ಆಡುತ್ತಿದ್ದೆ. ಇಪ್ಪತ್ತೆರಡು ವರ್ಷ ಅಮ್ಮ ಒಂದು ಬಂಡೆಗೆ ಲೈಟು ತೋರಿಸಿದ್ದಳು. ಟ್ರಂಕಿನಲ್ಲಿ ಎರಡು ಪಂಚೆ, ಅಮ್ಮ ಹೆಣೆದ ಸ್ವೆಟರು, ವಾರ್ಷಿಕೋತ್ಸವದ ವೇಷದಲ್ಲಿದ್ದ ನನ್ನ ಫೋಟೋ ಇದ್ದವು. ಫೋಟೋದ ಮೂಲೆಯಲ್ಲಿ ಎಣ್ಣೆಯ ಬೆರಳಚ್ಚು ಇತ್ತು. ಅದನ್ನು ನೋಡಿ ಅತ್ತುಬಿಟ್ಟೆ, ಸಿಟ್ಟು ಮಾತ್ರ ಇಳಿಯಲಿಲ್ಲ.

ಏಳು ಗಂಟೆಗೆ ಸರಿಯಾಗಿ ಅಮ್ಮನ ಫೋನು ಬಂತು. ನಾನು ಅದೇ ಹಿಂಬಾಗಿಲಲ್ಲಿ ನಿಂತಿದ್ದೆ. ಒಳಗೆ ಒಗ್ಗರಣೆಯ ಸದ್ದು, ಎದುರಿಗೆ ಕತ್ತಲಲ್ಲಿ ಇನ್ನೂ ಕಪ್ಪಾದ ಗುಡ್ಡ.

"ಕಂಡಿತಾ?"

ನಿಜ ಹೇಳಬೇಕೆಂದೇ ಫೋನು ಎತ್ತಿದ್ದೆ. "ಕಂಡಿತು ಅಮ್ಮ. ಚಂದ ಕಾಣ್ತದೆ" ಎಂದೆ.

ಅಮ್ಮ, "ನಾನು ಇನ್ನೂ ಲೈಟ್ ಹಾಕ್ಲೇ ಇಲ್ಲ ಮಾರಾಯ್ತಿ" ಎಂದಳು. "ನಿನಗೆ ಅಪ್ಪನದ್ದೇ ಬುದ್ಧಿ. ನೀನು ಮೂರು ದಿನ ಲೈಟ್ ಆರಿಸಿ ನಿಂತಿದ್ದೆಯಲ್ಲ, ಆ ವಾರವೂ ಅವರು, ದಿನಾ ಕಂಡಿತು, ಚಂದ ಕಾಣ್ತದೆ ಅಂತಲೇ ಹೇಳಿದ್ರು."

"ಗೊತ್ತಿದ್ದೂ ಇಷ್ಟು ವರ್ಷ ಹಾಕಿದ್ಯಾ?"

"ಅವರು ಕಂಡಿತು ಅಂತಿದ್ರಲ್ಲ ಮಗಾ. ಹಾಕದೆ ಇದ್ರೆ ಅವರ ಮಾತು ಸುಳ್ಳಾಗ್ತಿತ್ತು."

ಅವಳು ಎದ್ದದ್ದು, ಮಂಡಿ ಎಳೆಯುತ್ತ ಗ್ಯಾಲರಿಗೆ ನಡೆದದ್ದು, ಸ್ವಿಚ್ಚು ಒತ್ತಿದ್ದು, ಎಲ್ಲ ಫೋನಿನಲ್ಲಿ ಕೇಳಿಸಿತು.

"ಇಗಾ, ಈಗ ಹಾಕಿದೆ. ಕಂಡಿತಾ?"

ನಾನು ಎದುರಿನ ಬಂಡೆಯನ್ನೇ ನೋಡುತ್ತ, ಕಂಡಿತು ಎಂದೆ.