ತಮ್ಮನ ಕಿಸೆ, ನನ್ನ ಕಿಸೆ

೧೯೭೮ರಲ್ಲಿ ನಾನು ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಮುಕಾದಮನಾಗಿದ್ದೆ. ಚೀಲ ಹೊರುವ ಹಮಾಲರಿಗೆ ಕೆಲಸ ಹಚ್ಚಿ, ಸಂಜೆ ಗೇಟಿನಲ್ಲಿ ನಿಂತು ಅವರನ್ನು ಮನೆಗೆ ಕಳಿಸುವವನು. ಓದಿದ್ದು ನಾಲ್ಕನೇ ತರಗತಿ. ಬಾಯಿ ಮಾತ್ರ ಮ್ಯಾಟ್ರಿಕ್ ಪಾಸಾದವರಂತಿತ್ತು.

ದೇವದುರ್ಗದಲ್ಲಿ ಅವ್ವನ ಜೊತೆಗಿದ್ದ ನನ್ನ ತಮ್ಮ ಅಮರೇಶ ಆ ವರ್ಷ ರಾಯಚೂರು ಸ್ಟೇಷನ್ನಿನ ಮುಂದೆ ಸೈಕಲ್ ಕದ್ದು ಸಿಕ್ಕಿಬಿದ್ದ. ಹದಿನೈದರ ಹುಡುಗ. ಕೋರ್ಟು ಅವನನ್ನು ಸುಧಾರಣಾ ಶಾಲೆಗೆ ಹಾಕದೆ ಪ್ರೊಬೇಷನ್ ಮೇಲೆ ಬಿಟ್ಟಿತು. ಅಂದರೆ ಒಂದು ವರ್ಷ ನನ್ನ ಜವಾಬ್ದಾರಿಯಲ್ಲಿ ದುಡಿದು ತಿನ್ನಬೇಕು. ಅಧಿಕಾರಿಯೊಬ್ಬರು ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. ನಾನು ಬೇಡವೆಂದರೆ ಶಾಲೆಯೇ ಗತಿ.

ಅಮರೇಶ ನಮ್ಮ ಗಿರಣಿಗೇ ಬಂದು ಚೀಲದ ಬಾಯಿ ಹೊಲಿಯಲು ಕೂತ. ಕೈ ಚುರುಕು. ನನಗೆ ಮಾತ್ರ ಮಾನದ ಚಿಂತೆ. ಗಿರಣಿಯಲ್ಲಿ ಯಾರನ್ನೂ ಜಡತಿ ಮಾಡುವ, ಅಂದರೆ ಮೈ ತಡವಿ ನೋಡುವ ರೂಢಿ ಇರಲಿಲ್ಲ. ನಾನು ದಿನಾ ಸಂಜೆ ಎಲ್ಲರೆದುರು ಅವನೊಬ್ಬನ ಅಂಗಿ, ಚಡ್ಡಿ ಜಾಡಿಸಿಯೇ ಹೊರಗೆ ಬಿಡುತ್ತಿದ್ದೆ. ಒಂದು ಕಾಳೂ ಉದುರಲಿಲ್ಲ. ಮೊದಮೊದಲು ನಗುತ್ತಿದ್ದವನು ಆಮೇಲೆ ನನ್ನೊಡನೆ ಮಾತು ಬಿಟ್ಟ, ಕೆಲಸವನ್ನೂ ತಪ್ಪಿಸತೊಡಗಿದ. ಮೂರನೇ ತಿಂಗಳು ಅಧಿಕಾರಿ ಬಂದಾಗ, ಇವನು ನನ್ನ ಕೈಗೆ ನಿಲ್ಲುವುದಿಲ್ಲ, ಕರೆದೊಯ್ಯಿರಿ ಎಂದುಬಿಟ್ಟೆ.

ಅವರು ಅಮರೇಶನನ್ನು ಕೇಳಿದರು.

"ಒಯ್ರಿ ಸಾಹೇಬ್ರ. ಅಲ್ಲಿ ಎಲ್ಲಾರ್ನೂ ಜಾಡಿಸ್ತಾರಂತ. ಇಲ್ಲಿ ನನ್ನೊಬ್ಬನ್ನ."

ಹಮಾಲರು ನಕ್ಕರು. ಅಧಿಕಾರಿ ನಗಲಿಲ್ಲ. ಇವತ್ತು ತಮ್ಮನೇ ಅಣ್ಣನನ್ನು ಜಾಡಿಸಲಿ ಎಂದರು.

ನಾನು ಧೈರ್ಯವಾಗಿ ಕೈ ಎತ್ತಿ ನಿಂತೆ. ಅಮರೇಶ ನನ್ನ ಕಿಸೆಯಿಂದ ಒಂದು ಹಿಡಿ ಅಕ್ಕಿ ತೆಗೆದ. ಯಂತ್ರದಿಂದ ಅಕ್ಕಿ ಹೇಗೆ ಬಂತೆಂದು ನೋಡಲು ನಾವು ಒಂದು ಹಿಡಿ ಎತ್ತುತ್ತೇವೆ. ನೋಡಿದ್ದು ಕಿಸೆಗಿಳಿದು ಸಂಜೆ ಮನೆಯ ಕೋಳಿಗಳ ಪಾಲಾಗುತ್ತದೆ. ವರ್ಷಗಟ್ಟಲೆ ಹಾಗೇ ಮಾಡಿದ್ದೆ. ಅದು ಕಳವೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ಮುಕಾದಮ್ರ, ನಿಮ್ಮನ್ನ ಯಾವ ಶಾಲಿಗಿ ಹಾಕೋಣ್ರಿ?" ಎಂದ ಹಿರಿಯ ಹಮಾಲ ಹುಸೇನಪ್ಪ. ಗೇಟೇ ಅಲುಗುವಂತೆ ನಗು.

ಅಮರೇಶ ಮಾತ್ರ ಅಕ್ಕಿಯನ್ನು ರಾಶಿಗೆ ಸುರಿದು ಬಂದ. "ಸ್ಯಾಂಪಲ್ ಅದ ಬಿಡ್ರಿ. ಅಣ್ಣ ವಾಪಸ್ ಹಾಕೋದು ಮರ್ತಾನ."

ನಾನು ಅಷ್ಟೂ ದಿನ ಅವನ ಪರವಾಗಿ ಅಂಥ ಒಂದು ಮಾತೂ ಆಡಿರಲಿಲ್ಲ. ಹುಡುಗನನ್ನು ಒಯ್ಯಬೇಕೇನು ಎಂದು ಅಧಿಕಾರಿ ಮತ್ತೆ ಕೇಳಿದಾಗ, "ಬ್ಯಾಡ್ರಿ, ಇರ್ಲಿ. ನನ್ನ ಮ್ಯಾಲ ಕಣ್ಣಿಡಾಕ ಒಬ್ಬ ಬೇಕು" ಎಂದೆ. ಆಗ ಅವರೂ ನಕ್ಕರು.

ಅಮರೇಶ ವರ್ಷ ಮುಗಿಸಿದ. ಮುಂದೆ ಪೋತ್ನಾಳದಲ್ಲಿ ಚೀಲದ ಅಂಗಡಿ ಹಾಕಿದ. ಅದೇ ಅಧಿಕಾರಿ ಆಮೇಲೆಯೂ ಕೆಲವು ಹುಡುಗರನ್ನು ಗಿರಣಿಗೆ ಕಳಿಸಿದರು. ಅವರಿಗೆ ನಾನು ಕೆಲಸ ಕಲಿಸಿದೆ, ಬೈದೆ, ಚಹಾ ಕುಡಿಸಿದೆ. ಯಾರ ಅಂಗಿಯನ್ನೂ ಜಾಡಿಸಲಿಲ್ಲ. ನಂಬದೆ ಯಾರನ್ನೂ ತಿದ್ದಲಾಗದೆಂದು ಆ ಗೇಟು ನನಗೆ ಕಲಿಸಿತು. ಕಲಿಯುವವರೆಗೆ ಮೂರು ತಿಂಗಳು ಕೈ ಎತ್ತಿ ನಿಂತವನು ನನ್ನ ತಮ್ಮ.